ಚದುರಂಗದ ಅಕ್ಕಿಕಾಳಿನ ಸಂಖ್ಯೆಯನ್ನು ಕೈಲೆಕ್ಕದಲ್ಲೇ ಬಿಡಿಸಿದ್ದು

ಚದುರಂಗದ ಮೊದಲ ಮನೆಗೆ ಒಂದು ಅಕ್ಕಿಕಾಳು, ಮುಂದಿನ ಪ್ರತಿ ಮನೆಗೂ ಹಿಂದಿನದರ ಎರಡರಷ್ಟು ಎಂದು ಇಡುತ್ತ ಹೋದರೆ 64 ಮನೆಗಳಿಗೆ ಬೇಕಾಗುವ ಒಟ್ಟು ಕಾಳು 1,84,46,74,40,73,70,95,51,615. ಹಾಸನದ ನಮ್ಮ ಮನೆಗೆ ಸಂಜೆ ಪಾಠಕ್ಕೆ ಬರುವ ಹತ್ತನೇ ತರಗತಿಯ ಹುಡುಗಿಯೊಬ್ಬಳು, "ಸರ್, ಇದನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಬರೆಯಲು ಆಗುತ್ತದೆಯೇ?" ಎಂದು ಕೇಳಿದಳು. ಅಂಗಡಿಯ ಗಲ್ಲೆಯ ಮೇಲಿರುವಂಥ 12 ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಈ 20 ಅಂಕಿಗಳು ಹಿಡಿಸುವುದಿಲ್ಲವಾದ್ದರಿಂದ ಕಾಗದದ ಮೇಲೆಯೇ ಲೆಕ್ಕಕ್ಕೆ ಕುಳಿತೆ.

ಅಂಕಿಗಳ ಮೊತ್ತ 87 ಆಗುವುದರಿಂದ 3ರಿಂದ, ಕೊನೆಯಲ್ಲಿ 5 ಇರುವುದರಿಂದ 5ರಿಂದ ಭಾಗವಾಗುತ್ತದೆಂದು ಒಡನೆಯೇ ತಿಳಿಯುತ್ತದೆ. ಆದರೆ ಹೀಗೆ ಒಂದೊಂದನ್ನೇ ಹುಡುಕುವ ದಾರಿ ದೂರದ್ದು. ಈ ಸಂಖ್ಯೆ 2⁶⁴ − 1 ಎಂಬುದನ್ನು ಹಿಡಿದುಕೊಂಡರೆ, ವರ್ಗಗಳ ವ್ಯತ್ಯಾಸದ ನಿತ್ಯಸಮೀಕರಣವನ್ನೇ ಮತ್ತೆ ಮತ್ತೆ ಬಳಸಿ ಅದನ್ನು (2³² + 1)(2¹⁶ + 1)(2⁸ + 1)(2⁴ + 1)(2² + 1)(2 + 1) ಎಂದು ಬಿಡಿಸಬಹುದು. ಕೊನೆಯ ಐದು 65537, 257, 17, 5, 3, ಐದೂ ಅವಿಭಾಜ್ಯಗಳೇ.

ಉಳಿದದ್ದು 2³² + 1, ಅಂದರೆ 4,29,49,67,297. 2ರ ಘಾತಾಂಕ 1, 2, 4, 8 ಎಂದು ಇಮ್ಮಡಿಸುತ್ತ ಹೋಗುವ ಈ ಬಗೆಯ ಸಂಖ್ಯೆಗಳೆಲ್ಲ ಅವಿಭಾಜ್ಯವೆಂದು ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಆಯ್ಲರ್ ಇದಕ್ಕೆ 641 ಭಾಜಕವೆಂದು ತೋರಿಸಿ ಆ ನಂಬಿಕೆಯನ್ನು ಮುರಿದರು. ಭಾಗಾಕಾರ ಮಾಡದೆಯೇ ಇದನ್ನು ಕಾಣಬಹುದು. 641 ಎಂದರೆ 5 × 2⁷ + 1. ಆದ್ದರಿಂದ 5 × 2⁷ ಅನ್ನು 641ರಿಂದ ಭಾಗಿಸಿದರೆ ಶೇಷ −1, ಅದರ ನಾಲ್ಕನೆಯ ಘಾತವಾದ 625 × 2²⁸ಕ್ಕೆ ಶೇಷ 1. ಇತ್ತ 641 ಎಂದರೆ 625 + 16 ಸಹ ಆಗಿರುವುದರಿಂದ 625ರ ಜಾಗದಲ್ಲಿ −2⁴ ಇಡಬಹುದು; ಆಗ −2³²ಕ್ಕೆ ಶೇಷ 1 ಎಂದಾಗಿ, 2³² + 1 ನಿಶ್ಶೇಷವಾಗಿ ಭಾಗವಾಗುತ್ತದೆ. ಇಡೀ ಲೆಕ್ಕದಲ್ಲಿ ನನಗೆ ಅತ್ಯಂತ ಇಷ್ಟವಾದ ಹೆಜ್ಜೆಯಿದು.

ಭಾಗಲಬ್ಧ 67,00,417. ಇದರ ವರ್ಗಮೂಲ 2588ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗಿನ ಅವಿಭಾಜ್ಯಗಳನ್ನೆಲ್ಲ ಪರೀಕ್ಷಿಸುವುದಾದರೆ ಬೇಸರದ ಕೆಲಸ. ಇಲ್ಲಿ ನೆರವಿಗೆ ಬಂದದ್ದು ಗಣಿತಜ್ಞ ಲ್ಯೂಕಾಸ್ ಅವರ ಫಲಿತಾಂಶ: 2³² + 1ರ ಅವಿಭಾಜ್ಯ ಭಾಜಕ ಯಾವುದೇ ಆದರೂ 128ರ ಗುಣಕಕ್ಕೆ 1 ಕೂಡಿಸಿದ ರೂಪದಲ್ಲಿರಬೇಕು. 67,00,417ರ ಭಾಜಕಗಳು ಅದಕ್ಕೂ ಭಾಜಕಗಳಾದ್ದರಿಂದ ಈ ನಿಯಮ ಇಲ್ಲಿಗೂ ಅನ್ವಯಿಸುತ್ತದೆ. 2588ರೊಳಗೆ ಆ ರೂಪದ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. 2³² − 1 ಎಂಬುದು 257ರಿಂದ ಭಾಗವಾಗುವ ಕಾರಣ 2³² + 1ಕ್ಕೆ ಶೇಷ 2 ಉಳಿಯುತ್ತದೆ. ಹಾಗಾಗಿ 257 ಆಗಲೇ ಹೊರಬಿತ್ತು. ಉಳಿದ ನಾಲ್ಕರಿಂದ ಭಾಗಿಸಿದಾಗ ಬಂದ ಶೇಷಗಳು ಕ್ರಮವಾಗಿ 44, 120, 334, 622. ಅಲ್ಲಿಗೆ 67,00,417 ಅವಿಭಾಜ್ಯವೆಂಬುದು ನಾಲ್ಕೇ ಭಾಗಾಕಾರಗಳಲ್ಲಿ ಖಚಿತವಾಯಿತು.

ಹೀಗೆ ದೊರೆತ ಅಪವರ್ತನಗಳು 3, 5, 17, 257, 641, 65537, 67,00,417. ಏಳೂ ಬೇರೆ ಬೇರೆಯಾಗಿದ್ದು ಒಂದೊಂದೇ ಸಲ ಬರುವುದರಿಂದ ಮೂಲ ಸಂಖ್ಯೆಗೆ 2⁷, ಅಂದರೆ 128 ಭಾಜಕಗಳು.

2¹²⁸ − 1ಕ್ಕೂ ಇದೇ ದಾರಿ ಹಿಡಿಯಬಹುದಲ್ಲ ಎಂದು ಆಕೆ ಕೇಳದಿರಲಿಲ್ಲ. ಅಲ್ಲಿ ಹೊಸದಾಗಿ ಎದುರಾಗುವುದು 2⁶⁴ + 1. 1880ರಲ್ಲಿ ಲಾಂಡ್ರಿ ಕಂಡುಹಿಡಿದ ಅದರ ಚಿಕ್ಕ ಅಪವರ್ತನ 2,74,177, ಅಂದರೆ 256 × 1071 + 1. 256ರ ಮಗ್ಗಿಯ ಅಷ್ಟು ಸಾಲುಗಳನ್ನು ಕೈಯಲ್ಲೇ ಜಾಲಾಡುವುದು ಬೇಡವೆಂದು, ಆ ಸಂಖ್ಯೆಯನ್ನು ಕಂಪ್ಯೂಟರಿಗೆ ಬಿಟ್ಟೆವು.