ಜೆಂಕಿನ್ಸ್ ಪ್ಲಗಿನ್‌ನಲ್ಲಿ ಪರ್ಮಿಷನ್ ಚೆಕ್ ಇಲ್ಲ ಅಂತ ವಾರ್ನಿಂಗ್ ಬಂದ್ರೆ ಏನ್ ಮಾಡ್ಬೇಕು?

ಜೆಂಕಿನ್ಸ್ ಅಂದ್ರೆ ಕೋಡ್ ಬಿಲ್ಡ್, ಟೆಸ್ಟ್ ಎಲ್ಲಾ ತಾನಾಗೇ ಮಾಡೋ ಸರ್ವರ್. ಅದರ ಮ್ಯಾನೇಜ್ ಜೆಂಕಿನ್ಸ್ ಪೇಜ್ ತೆಗೆದ್ರೆ ಕೆಲವೊಮ್ಮೆ ಮೇಲ್ಗಡೆನೇ ಒಂದು ವಾರ್ನಿಂಗ್ ಇರುತ್ತೆ, ಇಂಥ ಪ್ಲಗಿನ್‌ನಲ್ಲಿ (ಜೆಂಕಿನ್ಸ್‌ಗೆ ಸೇರಿಸೋ ಹೆಚ್ಚುವರಿ ತುಣುಕು) ಪರ್ಮಿಷನ್ ಚೆಕ್ ಇಲ್ಲ, ಅಂದ್ರೆ ಕೇಳ್ತಿರೋರಿಗೆ ಹಕ್ಕಿದೆಯಾ ಅಂತ ಅದು ನೋಡಲ್ಲ ಅಂತ. ತುಂಬಾ ಜನ "ಓವರಾಲ್ ರೀಡ್ (ಜೆಂಕಿನ್ಸ್ ತೆಗೆದು ನೋಡೋ ಕನಿಷ್ಠ ಹಕ್ಕು) ಇರೋರಿಗೆ ಮಾತ್ರ ಆ ತೂತು ಸಿಗೋದು ತಾನೇ, ಎಲ್ಲಾ ನಮ್ಮ ಟೀಮ್‌ನೋರೇ" ಅಂತ ಬಿಟ್ಬಿಡ್ತಾರೆ. ದಯವಿಟ್ಟು ಬಿಡ್ಬೇಡಿ.

ಮೊದ್ಲು ತೂತು ಎಲ್ಲಿದೆ ನೋಡಿ. ಪ್ಲಗಿನ್ ಸೆಟ್ಟಿಂಗ್‌ನಲ್ಲಿ ಟೆಸ್ಟ್ ಕನೆಕ್ಷನ್ ಅಂತ ಬಟನ್ ಇರುತ್ತಲ್ಲ, ಅದನ್ನ ಒತ್ತಿದ್ರೆ ಸರ್ವರ್‌ನಲ್ಲಿ ಡೂಟೆಸ್ಟ್‌ಕನೆಕ್ಷನ್ ಥರದ ಒಂದು ಮೆಥಡ್ ಓಡುತ್ತೆ, ಜೆಂಕಿನ್ಸ್ ಒಳಗಿರೋ ಸ್ಟೇಪ್ಲರ್ ಫ್ರೇಮ್‌ವರ್ಕ್ ಈ ‘ಡೂ’ ಮೆಥಡ್‌ಗಳನ್ನ ಯುಆರ್‌ಎಲ್‌ಗೆ ಜೋಡಿಸಿರುತ್ತೆ. ಹಾಗಾಗಿ ಸೆಟ್ಟಿಂಗ್ ಪೇಜ್ ಅಡ್ಮಿನ್‌ಗೆ ಮಾತ್ರ ಕಾಣ್ಸಿದ್ರೂ ಬರೀ ರೀಡ್ ಇರೋನು ಆ ಯುಆರ್‌ಎಲ್‌ಗೆ ನೇರವಾಗಿ ರಿಕ್ವೆಸ್ಟ್ ಕಳ್ಸಬಹುದು, ಅಡ್ರೆಸ್ ಜಾಗದಲ್ಲಿ ತನ್ನ ಸರ್ವರ್ ಹಾಕಿ, ಇನ್ನೆಲ್ಲೋ ಸಿಕ್ಕ ಕ್ರೆಡೆನ್ಶಿಯಲ್ ಐಡಿ (ಜೆಂಕಿನ್ಸ್‌ನಲ್ಲಿ ಇಟ್ಟಿರೋ ಪಾಸ್‌ವರ್ಡ್ ಅಥವಾ ಟೋಕನ್‌ನ ಗುರುತು) ಕೊಟ್ರೆ ಮುಗೀತು, ಜೆಂಕಿನ್ಸೇ ಹೋಗಿ ಪಾಸ್‌ವರ್ಡ್ ಅವನ ಕೈಗೆ ಕೊಟ್ಟು ಬರುತ್ತೆ! ಮೆಥಡ್ ಪೋಸ್ಟ್ ರಿಕ್ವೆಸ್ಟ್ (ಬರೀ ಲಿಂಕ್ ಕ್ಲಿಕ್‌ನಿಂದ ಹೋಗದ ಥರದ ರಿಕ್ವೆಸ್ಟ್) ಕಡ್ಡಾಯ ಮಾಡಿಲ್ಲ ಅಂದ್ರೆ ಅಕೌಂಟೂ ಬೇಡ, ಲಾಗಿನ್ ಆಗಿರೋ ಅಡ್ಮಿನ್ ಕೈಲಿ ಒಂದು ಕೆಟ್ಟ ಲಿಂಕ್ ಕ್ಲಿಕ್ ಮಾಡ್ಸಿದ್ರೂ ಸಾಕು.

ಈಗ ಪ್ಲಗಿನ್ಸ್ ಪೇಜ್‌ಗೆ ಹೋಗಿ ನಿಮ್ಮ ವರ್ಷನ್‌ನ ಸೆಕ್ಯುರಿಟಿ ಅಡ್ವೈಸರಿ (ಯಾವ ವರ್ಷನ್‌ನಲ್ಲಿ ತೂತಿದೆ ಅಂತ ಹೇಳೋ ಪ್ರಕಟಣೆ) ಜೊತೆ ಹೋಲಿಸಿ, ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ. ಕೆಲವು ಪ್ಲಗಿನ್‌ಗೆ ಫಿಕ್ಸೇ ಬಂದಿರಲ್ಲ, ಅಂಥದ್ದನ್ನ ತೆಗೆದುಹಾಕೋದೇ ಸರಿ, ಬಿಲ್ಡ್ ನಿಂತ್ರೂ ಪರವಾಗಿಲ್ಲ.

ಆಮೇಲೆ ಸೆಕ್ಯುರಿಟಿ ಪೇಜ್ ನೋಡಿ. ಅನಾನಿಮಸ್ ರೀಡ್ ಆನ್ ಇದ್ರೆ ಮೊದ್ಲು ಆಫ್ ಮಾಡಿ, ಅದು ಆನ್ ಇದ್ರೆ ದಾರೀಲಿ ಹೋಗೋರಿಗೆಲ್ಲಾ ರೀಡ್ ಕೊಟ್ಟ ಹಾಗೆ.

ಎಲ್ರೂ ಮರೆಯೋದು ಕ್ರೆಡೆನ್ಶಿಯಲ್ ಬದಲಾಯ್ಸೋದು. ಅಪ್‌ಡೇಟ್ ಇನ್ಮುಂದಿನ ಕಳ್ಳತನ ತಡೆಯುತ್ತೆ ಅಷ್ಟೇ, ಆಗ್ಲೇ ಹೋಗಿರೋ ಟೋಕನ್ ಇನ್ನೂ ಕೆಲಸ ಮಾಡ್ತಾನೇ ಇರುತ್ತೆ. ಅಪ್‌ಡೇಟ್ ಆದ್ಮೇಲೇ ಬದಲಾಯ್ಸಿ, ಮುಂಚೆ ಮಾಡಿದ್ರೆ ಹೊಸದೂ ಅದೇ ತೂತಲ್ಲಿ ಹೋಗುತ್ತೆ. ಹಳೇದನ್ನ ಜೆಂಕಿನ್ಸ್‌ನಿಂದ ಅಳಿಸಿದ್ರೆ ಸಾಲಲ್ಲ, ಟೋಕನ್ ಕೊಟ್ಟ ಸರ್ವೀಸ್‌ನಲ್ಲೇ ರದ್ದು ಮಾಡ್ಬೇಕು.

ಪ್ಲಗಿನ್ ಬರೆಯೋರಾದ್ರೆ ಆ ಮೆಥಡ್‌ನ ಮೊದಲನೇ ಸಾಲಲ್ಲೇ ಚೆಕ್‌ಪರ್ಮಿಷನ್ ಕರೀರಿ. ಗ್ಲೋಬಲ್ ಸೆಟ್ಟಿಂಗ್ ಆದ್ರೆ ಅಡ್ಮಿನಿಸ್ಟರ್, ಜಾಬ್‌ದಾದ್ರೆ ಐಟಮ್ ಕಾನ್ಫಿಗರ್ ಕೇಳಿ, ಮೆಥಡ್ ಮೇಲೆ ಪೋಸ್ಟ್ ಆನೊಟೇಷನ್ ಹಾಕಿ. ಕ್ರೆಡೆನ್ಶಿಯಲ್ ಪಟ್ಟಿ ತುಂಬೋ ಡೂಫಿಲ್ ಮೆಥಡ್ ಮಾತ್ರ ಬಿಡ್ಬೇಡಿ, ಐಡಿಗಳು ಸೋರೋದು ಅಲ್ಲೇ, ಹಕ್ಕಿಲ್ಲದೋರು ಕೇಳಿದ್ರೆ ಆಗ್ಲೇ ಸೆಲೆಕ್ಟ್ ಆಗಿರೋ ಒಂದನ್ನ ಮಾತ್ರ ವಾಪಸ್ ಕೊಡಿ.