ಅಮೆರಿಕದ ಅಂತರ್ಯುದ್ಧದ ಸೈನಿಕನೊಬ್ಬನ ಬದುಕನ್ನೂ ವಂಶವನ್ನೂ ಹುಡುಕುವ ಬಗೆ

ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಹೋರಾಡಿದ ಸಾಮಾನ್ಯ ಸೈನಿಕನೊಬ್ಬನ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ಅವನ ರೆಜಿಮೆಂಟು ಕಾದಿದ ರಣರಂಗಗಳಿಂದಲೇ ಹುಡುಕಾಟವನ್ನು ಆರಂಭಿಸುತ್ತಾರೆ. ಅದರಿಂದ ಸೇನೆಯ ಕಥೆ ತಿಳಿಯುತ್ತದೆಯೇ ಹೊರತು ಆ ಮನುಷ್ಯನ ಹೆಂಡತಿ, ಮಕ್ಕಳು, ತಂದೆತಾಯಿ ಯಾರೆಂಬುದು ತಿಳಿಯುವುದಿಲ್ಲ. ಯುದ್ಧ ಮುಗಿದು ಹಲವು ವರ್ಷಗಳಾದ ಮೇಲೆ ಅವನೋ ಅವನ ವಿಧವೆಯೋ ಸಲ್ಲಿಸಿದ ಪಿಂಚಣಿ ಅರ್ಜಿಯ ಕಡತದಲ್ಲೇ ಕುಟುಂಬದ ವಿವರ ಹೆಚ್ಚಾಗಿ ಉಳಿದಿರುತ್ತದೆ. ಈ ದಾರಿಯನ್ನು ನೆಲ್ಸನ್ ಡೇವಿಸ್ ಎಂಬ ಸೈನಿಕನ ಉದಾಹರಣೆಯಿಂದ ವಿವರಿಸುತ್ತೇನೆ. ಗುಲಾಮಗಿರಿಯಿಂದ ತಾನು ಪಾರಾಗಿ ಇತರರನ್ನೂ ಪಾರುಮಾಡಿದ ಹ್ಯಾರಿಯೆಟ್ ಟಬ್‌ಮನ್ ಅವರ ಎರಡನೆಯ ಪತಿ ಈತ.

ಮೊದಲು ಖಚಿತವಾಗಬೇಕಾದದ್ದು ಹೆಸರು ಮತ್ತು ರೆಜಿಮೆಂಟು. ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯು ಉತ್ತರ, ದಕ್ಷಿಣ ಎರಡೂ ಪಕ್ಷಗಳ ಸೈನಿಕರ ಹೆಸರುಗಳ ಪಟ್ಟಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಪಿಂಚಣಿ ಸೂಚಿಕೆಯ ಕಾರ್ಡುಗಳನ್ನು ಫ್ಯಾಮಿಲಿಸರ್ಚ್ ಎಂಬ ವಂಶಾವಳಿಯ ಅಂತರ್ಜಾಲ ತಾಣದಲ್ಲಿ ನೋಡಬಹುದು. ಎರಡನ್ನೂ ಜೊತೆಯಲ್ಲಿಟ್ಟುಕೊಂಡೇ ಹುಡುಕಬೇಕು, ಏಕೆಂದರೆ ಸೇನೆಗೆ ಸೇರುವಾಗ ಕೊಟ್ಟ ಹೆಸರೇ ಕೊನೆಯವರೆಗೂ ಉಳಿಯುತ್ತಿತ್ತೆಂದು ಹೇಳಲಾಗದು. ನೆಲ್ಸನ್ 1863ರಲ್ಲಿ ಕಪ್ಪು ಸೈನಿಕರ 8ನೆಯ ಪದಾತಿ ರೆಜಿಮೆಂಟಿಗೆ ಸೇರಿದಾಗ ಬರೆಸಿದ ಹೆಸರು ನೆಲ್ಸನ್ ಚಾರ್ಲ್ಸ್. ಚಾರ್ಲ್ಸ್ ಎಂಬುದು ಅವನನ್ನು ಗುಲಾಮನಾಗಿ ಇಟ್ಟುಕೊಂಡಿದ್ದ ಒಡೆಯನ ಮನೆತನದ ಹೆಸರು, ಡೇವಿಸ್ ಎಂಬುದು ಅವನ ತಂದೆಯ ಹೆಸರು. ಡೇವಿಸ್ ಎಂದಷ್ಟೇ ಹುಡುಕುವವರಿಗೆ ಅವನ ಸೇವಾ ದಾಖಲೆ ಕೈಗೆ ಸಿಗಲಾರದು. ಸೂಚಿಕೆಯ ಕಾರ್ಡಿನಲ್ಲಿ ಅನ್ಯನಾಮ ನಮೂದಾಗಿದೆಯೇ ಎಂಬುದನ್ನು ಗಮನಿಸಿರಿ. ಒಂದೇ ಹೆಸರಿನ ಹಲವು ಸೈನಿಕರಿರುವುದು ಸಾಮಾನ್ಯವಾದುದರಿಂದ ಕಂಪನಿಯ, ಅಂದರೆ ರೆಜಿಮೆಂಟಿನೊಳಗಿನ ತುಕಡಿಯ, ಗುರುತಿನ ಅಕ್ಷರವನ್ನೂ ಬರೆದಿಟ್ಟುಕೊಳ್ಳುವುದು ಅಗತ್ಯ.

ಸೇವಾ ದಾಖಲೆ ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲಾತಿ ಭವನದಲ್ಲಿದೆ. ಹಾಜರಿ ಪಟ್ಟಿಗಳಿಂದಲೂ ಆಸ್ಪತ್ರೆಯ ದಾಖಲೆಗಳಿಂದಲೂ ಯುದ್ಧಾನಂತರ ನಕಲಿಸಿ ಸಿದ್ಧಪಡಿಸಿದ ಕಾರ್ಡುಗಳು ಇವು. ಸೇರಿದ ದಿನ ಮತ್ತು ಸ್ಥಳ, ವಯಸ್ಸು, ಎತ್ತರ, ಹುಟ್ಟೂರು, ಕಸುಬು, ಗಾಯ, ಬಿಡುಗಡೆಯ ದಿನ ಇವಿಷ್ಟು ಇದರಲ್ಲಿ ಸಿಗಬಹುದು. ವಯಸ್ಸನ್ನು ಮಾತ್ರ ಹಾಗೆಯೇ ನಂಬಬಾರದು.

ಇನ್ನು ಪಿಂಚಣಿ ಕಡತ. 1862ರ ಕಾನೂನಿನಂತೆ ಯುದ್ಧಸೇವೆಯಿಂದಲೇ ಅಂಗವಿಕಲರಾದವರಿಗೆ ಮತ್ತು ಆ ಕಾರಣದಿಂದ ಮಡಿದವರ ಅವಲಂಬಿತರಿಗೆ ಮಾತ್ರ ಪಿಂಚಣಿ ಸಲ್ಲುತ್ತಿತ್ತು. 1890ರ ಕಾನೂನು ಇದನ್ನು ಬಹಳ ಸಡಿಲಿಸಿತು: 90 ದಿನ ಸೇವೆ ಸಲ್ಲಿಸಿ ಗೌರವಯುತವಾಗಿ ಬಿಡುಗಡೆಯಾದ ಸೈನಿಕನ ಬಡ ವಿಧವೆ, ಅವನ ಸಾವಿಗೆ ಯುದ್ಧ ಕಾರಣವಲ್ಲದಿದ್ದರೂ ಅರ್ಜಿ ಹಾಕಬಹುದಾಯಿತು. ನೆಲ್ಸನ್ 1888ರಲ್ಲಿ ತೀರಿಕೊಂಡಿದ್ದನು. ಟಬ್‌ಮನ್ 1890ರಲ್ಲಿ ಅರ್ಜಿ ಸಲ್ಲಿಸಿದರು. ಚಾರ್ಲ್ಸ್ ಮತ್ತು ಡೇವಿಸ್ ಒಬ್ಬನೇ ಎಂದು ಅವರು ಸಾಬೀತುಪಡಿಸಬೇಕಾಯಿತು. 1869ರಲ್ಲಿ ನ್ಯೂಯಾರ್ಕ್ ರಾಜ್ಯದ ಆಬರ್ನ್ ಪಟ್ಟಣದಲ್ಲಿ ನಡೆದ ವಿವಾಹಕ್ಕೆ ಪುರಾವೆ ಕೊಡಬೇಕಾಯಿತು. ಮೊದಲ ಪತಿ ಜಾನ್ ಟಬ್‌ಮನ್ ಆ ವಿವಾಹಕ್ಕೆ ಮುಂಚೆಯೇ, 1867ರಲ್ಲಿ, ಕೊಲೆಯಾಗಿದ್ದನೆಂಬುದನ್ನೂ ತೋರಿಸಬೇಕಾಯಿತು. ಐದು ವರ್ಷಗಳ ಬಳಿಕ, 1895ರಲ್ಲಿ, ತಿಂಗಳಿಗೆ 8 ಡಾಲರ್ ಮಂಜೂರಾಯಿತು. 1899ರಲ್ಲಿ ಅವರ ಸ್ವಂತ ಯುದ್ಧಸೇವೆಯನ್ನೂ ಪರಿಗಣಿಸಿ ಸಂಸತ್ತು ಅದನ್ನು 20 ಡಾಲರಿಗೆ ಏರಿಸಿತು. ಮುಪ್ಪಿನಲ್ಲಿ, ಬಡತನದಲ್ಲಿ, ಆ ಮಹಾಮಾತೆ ಇಷ್ಟೊಂದು ಅಲೆಯಬೇಕಾಯಿತಲ್ಲ ಎಂಬ ನೋವು ಆ ಕಾಗದಗಳನ್ನು ಓದುವಾಗ ಕಾಡದಿರದು. ಆದರೆ ಅಧಿಕಾರಿಗಳು ಕೇಳಿದ ಒಂದೊಂದು ಪ್ರಶ್ನೆಗೂ ದೊರೆತ ಉತ್ತರವೇ ಇಂದು ಆ ಕುಟುಂಬದ ಚರಿತ್ರೆಯಾಗಿ ಉಳಿದಿದೆ.

ಆದ್ದರಿಂದ ಕಡತವನ್ನು ತರಿಸಿಕೊಳ್ಳುವಾಗ ಆಯ್ದ ಪುಟಗಳಿಗೆ ತೃಪ್ತರಾಗದೆ ಪೂರ್ಣ ಕಡತದ ನಕಲನ್ನೇ ಕೇಳಿರಿ. ನೆರೆಹೊರೆಯವರು ಪ್ರಮಾಣಮಾಡಿ ಕೊಟ್ಟ ಹೇಳಿಕೆಗಳನ್ನು ಯಾರೂ ಅಮುಖ್ಯವೆಂದು ಬದಿಗಿಡಬಾರದು. ಸಾಕ್ಷಿ ಹೇಳಿದವನು ಸೋದರನೋ ಬಾಲ್ಯದ ಗೆಳೆಯನೋ ಆಗಿರಬಹುದು. 1898 ಮತ್ತು 1915ರಲ್ಲಿ ಪಿಂಚಣಿ ಇಲಾಖೆ ಜೀವಂತವಿದ್ದ ಸೈನಿಕರಿಗೆ ಕಳುಹಿಸಿದ ಪ್ರಶ್ನಾವಳಿಗಳಲ್ಲಿ ಹೆಂಡತಿಯ ತವರಿನ ಹೆಸರು, ವಿವಾಹದ ಸ್ಥಳ, ಮಕ್ಕಳ ಹುಟ್ಟಿದ ದಿನ ಇವನ್ನೆಲ್ಲ ಕೇಳಲಾಗಿತ್ತು. ನಿಮ್ಮ ಸೈನಿಕ ಆಗ ಬದುಕಿದ್ದರೆ ಮೊದಲು ಹುಡುಕಬೇಕಾದ ಹಾಳೆಗಳು ಅವೇ. ದಕ್ಷಿಣದ ಒಕ್ಕೂಟದ ಸೈನಿಕರಿಗೆ ಪಿಂಚಣಿ ಕೊಟ್ಟದ್ದು ಆಯಾ ದಕ್ಷಿಣ ರಾಜ್ಯಗಳು. ಅವರ ಕಡತಗಳಿಗೆ ರಾಜ್ಯ ದಾಖಲಾತಿ ಕಚೇರಿಗಳನ್ನು ಕೇಳಬೇಕು.

ಕಡತದಲ್ಲಿ ದೊರೆತುದನ್ನು ಜನಗಣತಿಯೊಡನೆ ಹೋಲಿಸಿ ನೋಡಿರಿ. ಮನೆಯ ಸ್ವತಂತ್ರ ವ್ಯಕ್ತಿಗಳೆಲ್ಲರ ಹೆಸರು ಬರೆಯತೊಡಗಿದ್ದು 1850ರಲ್ಲಿ. ಯಜಮಾನನೊಡನೆ ಅವರ ಸಂಬಂಧವನ್ನು ನಮೂದಿಸಿದ್ದು 1880ರಿಂದ. 1890ರ ಗಣತಿಯ ಹಾಳೆಗಳು ಬಹುಪಾಲು 1921ರ ಬೆಂಕಿಯಿಂದಾಗಿ ಇಲ್ಲವಾದವು, ಆದರೆ ಉತ್ತರದ ಸೈನಿಕರ ಮತ್ತು ವಿಧವೆಯರ ವಿಶೇಷ ಪಟ್ಟಿಯ ಒಂದು ಭಾಗ ಉಳಿದಿದೆ.

ನೆಲ್ಸನ್‌ನಂತೆ ಗುಲಾಮನಾಗಿ ಹುಟ್ಟಿದವನ ವಿಷಯದಲ್ಲಿ ಯುದ್ಧಕ್ಕೆ ಹಿಂದಿನ ಹುಡುಕಾಟ ಕಠಿಣ. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣವಷ್ಟೇ ಇರುತ್ತವೆ; ಮನುಷ್ಯರ ಹೆಸರುಗಳಿರುವುದು ತೀರಾ ಅಪರೂಪ. ಆಗ ಪಿಂಚಣಿ ಕಡತದಿಂದ ತಿಳಿದ ಒಡೆಯನ ಹೆಸರೇ ಆಧಾರ. ನೆಲ್ಸನ್ ಹುಟ್ಟಿದ್ದು ಉತ್ತರ ಕೆರೊಲಿನಾದ ಎಲಿಜಬೆತ್ ಸಿಟಿಯಲ್ಲಿ. ಅಂಥ ಊರು ತಿಳಿದ ಮೇಲೆ, ಅದು ಸೇರಿದ ಕೌಂಟಿಯಲ್ಲಿ (ಜಿಲ್ಲೆಯಂಥ ಆಡಳಿತ ವಿಭಾಗದಲ್ಲಿ) ಒಡೆಯನ ಮನೆತನದವರು ಬರೆದ ಉಯಿಲುಗಳನ್ನೂ ಆಸ್ತಿ ಪಾಲಿನ ಪಟ್ಟಿಗಳನ್ನೂ ವರ್ಷದ ಅನುಕ್ರಮದಲ್ಲಿ ಓದುತ್ತ ಹೋಗಬೇಕು, ಏಕೆಂದರೆ ಗುಲಾಮರನ್ನು ಹೆಸರು ಹಿಡಿದು, ಕೆಲವೊಮ್ಮೆ ತಾಯಿಮಕ್ಕಳನ್ನು ಒಟ್ಟಿಗೇ ಬರೆದಿರುವುದು ಆ ಪಟ್ಟಿಗಳಲ್ಲಿ.