ಅಟ್ಲಾಂಟಾಗೆ ಹೊಸಬರಾ? ಒಂದು ಶನಿವಾರ ಆಬರ್ನ್ ಅವೆನ್ಯೂಗೆ ಹೋಗಿ ಬನ್ನಿ

ಮಕ್ಕಳ ಸ್ಕೂಲು, ಡ್ರೈವಿಂಗ್ ಲೈಸೆನ್ಸು, ದಿನಸಿ ಅಂಗಡಿ ಎಲ್ಲಾ ಒಂದು ಹಂತಕ್ಕೆ ಬಂದ್ಮೇಲೆ ಒಂದು ಶನಿವಾರ ಬಿಡುವು ಮಾಡ್ಕೊಂಡು, ಬ್ಲ್ಯಾಕ್ ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಈ ಬೀದಿ ನೋಡಿ ಬನ್ನಿ. ನಮ್ಮೋರು ಸುಮಾರು ಜನ ಆಲ್ಫರೆಟ್ಟಾ, ಜಾನ್ಸ್ ಕ್ರೀಕ್, ಕಮಿಂಗ್ ಥರದ ಸಬರ್ಬ್‌ಗಳನ್ನ ಬಿಟ್ಟು ಆಚೆ ಹೋಗೋದೇ ಇಲ್ಲ, "ಡೌನ್‌ಟೌನ್ ಸೇಫ್ ಅಲ್ಲ" ಅಂತ ಯಾರೋ ಹೇಳಿದ್ದನ್ನ ನಂಬ್ಕೊಂಡು ವರ್ಷಗಟ್ಟಲೆ ಇದ್ದುಬಿಡ್ತಾರೆ, ಅದು ನಂಗೆ ತುಂಬಾ ಬೇಜಾರಿನ ವಿಷಯ.

ನಾರ್ತ್ ಸ್ಪ್ರಿಂಗ್ಸ್ ಸ್ಟೇಷನ್ನಲ್ಲಿ ಕಾರ್ ಬಿಟ್ಟು ಮಾರ್ಟಾ ರೈಲು ಹತ್ತಿ, ಫೈವ್ ಪಾಯಿಂಟ್ಸಲ್ಲಿ ಇಳಿದು ಪೂರ್ವದ ಕಡೆ ಹೋಗೋ ರೈಲು ಹಿಡಿದ್ರೆ ಎರಡನೇ ಸ್ಟಾಪು ಕಿಂಗ್ ಮೆಮೋರಿಯಲ್, ಅಲ್ಲಿಂದ ನಡ್ಕೊಂಡೇ ಹೋಗ್ಬಹುದು. ಮಾರ್ಟಿನ್ ಲೂಥರ್ ಕಿಂಗ್ 1929ರಲ್ಲಿ ಹುಟ್ಟಿದ ಮನೆ, ಅವ್ರೂ ಅವ್ರ ತಂದೆನೂ ಪಾದ್ರಿಗಳಾಗಿದ್ದ ಎಬೆನೀಜರ್ ಚರ್ಚು, ನೀರಿನ ಮಧ್ಯೆ ಇರೋ ಸಮಾಧಿ, ಎಲ್ಲಾ ಇಲ್ಲೇ ಹತ್ತಿರ ಹತ್ತಿರ. ನ್ಯಾಷನಲ್ ಪಾರ್ಕ್‌ನೋರ ಜಾಗಕ್ಕೆ ಟಿಕೆಟ್ ಇಲ್ಲ. ಹುಟ್ಟಿದ ಮನೆ ರಿಪೇರಿಗೆ ಅಂತ ಮುಚ್ಚಿದ್ರು, ಅದಕ್ಕೇ ಹೊರಡೋ ಮುಂಚೆ ಒಳಗೆ ಬಿಡ್ತಾರಾ ಅಂತ ವಿಚಾರಿಸ್ಕೊಳ್ಳಿ. ಊರಿಂದ ಅಪ್ಪ ಅಮ್ಮ ಬಂದಿದ್ರೆ ಖಂಡಿತ ಕರ್ಕೊಂಡು ಹೋಗಿ, ವಿಸಿಟರ್ ಸೆಂಟರ್ ಹತ್ರ ನಮ್ಮ ಗಾಂಧೀಜಿ ಪ್ರತಿಮೆ ಇದೆ. ಕಿಂಗ್ ಅವ್ರಿಗೆ ಗುರುವಿನ ಹಾಗಿದ್ದ ಬೆಂಜಮಿನ್ ಮೇಸ್ 1936ರಲ್ಲೇ ಇಂಡಿಯಾಗೆ ಹೋಗಿ ಗಾಂಧೀನ ಭೇಟಿ ಮಾಡಿದ್ರು, ಕಿಂಗ್ ಅವ್ರೇ 1959ರಲ್ಲಿ ಬಂದಿದ್ರು.

ಇದು ಬರೀ ಟೂರ್ ಅಲ್ಲ. ಒಂದು ಕಾಲದಲ್ಲಿ ಇಂಡಿಯಾದೋರಿಗೆ ಈ ದೇಶ ಕೊಡ್ತಿದ್ದ ವಲಸೆ ಕೋಟಾ ವರ್ಷಕ್ಕೆ ಬರೀ 100. ಬ್ಲ್ಯಾಕ್ ಜನ ಏಟು ತಿಂದು, ಜೈಲಿಗೆ ಹೋಗಿ, ಜನಾಂಗ ನೋಡಿ ಭೇದ ಮಾಡೋದನ್ನ ನಿಷೇಧಿಸೋ 1964ರ ಸಿವಿಲ್ ರೈಟ್ಸ್ ಕಾಯ್ದೆ ತಂದ್ರು, ಅದೇ ಗಾಳೀಲಿ 1965ರಲ್ಲಿ ಆ ಕೋಟಾ ಪದ್ಧತಿ ತೆಗೆಯೋ ಕಾನೂನೂ ಬಂತು, ನಾವೆಲ್ಲ ಇಲ್ಲಿರೋದು ಆ ಬಾಗಿಲಿಂದ. ಇನ್ನೊಂದು ವಿಷಯ, ನಮ್ಮೋರು ಇಷ್ಟೊಂದು ಮನೆ ತಗೊಂಡಿರೋ ಫೋರ್ಸೈತ್ ಕೌಂಟಿಯಿಂದ 1912ರಲ್ಲಿ ಸುಮಾರು 1,100 ಬ್ಲ್ಯಾಕ್ ಜನರನ್ನ ಹೆದರಿಸಿ, ಹೊಡೆದು ಓಡಿಸಿದ್ರು, ಹೊಲ ಮನೆ ಬಿಟ್ಟು ಹೋದ್ರು ಪಾಪ. 1987ರಲ್ಲಿ ಜನಾಂಗ ಭೇದ ವಿರೋಧಿಸಿ ಅಲ್ಲಿಗೆ ಮೆರವಣಿಗೆ ಹೋದೋರ ಮೇಲೂ ಕಲ್ಲು ಬಿತ್ತು. ಮಕ್ಕಳಿಗೆ ಇದನ್ನ ಹೇಳಿ. ಹಾಗೇ ಮನೇಲಿ "ಕರಿಯ" ಅನ್ನೋ ಮಾತು ಬೇಡ, ದೊಡ್ಡೋರಿಗೂ ಮೆತ್ತಗೆ ಹೇಳಿ.

ಹಸಿವಾದ್ರೆ ಅಲ್ಲೇ ಹತ್ತಿರ ಇರೋ ಕರ್ಬ್ ಮಾರ್ಕೆಟ್‌ಗೆ ಬನ್ನಿ, ಕರ್ಬ್ ಅಂದ್ರೆ ರಸ್ತೆ ಅಂಚು. 1924ರ ಕಟ್ಟಡ, ಆಗ ಬ್ಲ್ಯಾಕ್ ವ್ಯಾಪಾರಿಗಳಿಗೆ ಒಳಗೆ ಜಾಗ ಇರ್ಲಿಲ್ಲ, ಹೊರಗೆ ರಸ್ತೆ ಬದೀಲಿ ಕೂತು ಮಾರ್ಬೇಕಿತ್ತು, ಹೆಸರು ಅದ್ರಿಂದ್ಲೇ ಬಂದಿದ್ದು. ಸಸ್ಯಾಹಾರಿಗಳು ಗಮನಿಸಿ, ಬೇಯಿಸಿದ ಕೊಲಾರ್ಡ್ ಸೊಪ್ಪಲ್ಲಿ ಸಾಮಾನ್ಯವಾಗಿ ಹಂದಿ ಮಾಂಸ ಇರುತ್ತೆ, ಅಲಸಂದೆ ಕಾಳಲ್ಲೂ ಅಷ್ಟೇ, ಕೇಳಿನೇ ತಗೊಳ್ಳಿ. ಹಸಿ ಸೊಪ್ಪು ಸಿಕ್ರೆ ಒಂದು ಕಟ್ಟು ಮನೆಗೆ ತನ್ನಿ, ಬಸ್ಸಾರಿಗೆ ಚೆನ್ನಾಗಾಗುತ್ತೆ, ದಂಟು ತೆಗೆದು ಸ್ವಲ್ಪ ಜಾಸ್ತಿ ಹೊತ್ತು ಬೇಯಿಸ್ಬೇಕು ಅಷ್ಟೇ.